ಮಾಯಾ ಊರಿನ ಕಾಲ ಗೊತ್ತುಮಾಡುವುದು ಹೇಗೆ? ಮೊದಲು ಬೋಕಿ ಹೆಕ್ಕಿ

ಮೆಕ್ಸಿಕೋ, ಗ್ವಾಟೆಮಾಲ ಕಡೆಯ ಪ್ರಾಚೀನ ಮಾಯಾ ಜನರ ಊರು ಅಂದರೆ ಎಲ್ಲರ ಕಣ್ಣೂ ಪಿರಮಿಡ್ಡಿನ ತುದಿಗೇ ಹೋಗುತ್ತದೆ. ನೀವು ಅದರ ಹೊಟ್ಟೆಯೊಳಗೆ ನೋಡಿ. ಮಾಯಾ ಜನ ಎಷ್ಟೋ ಸಲ ಹಳೆ ಕಟ್ಟಡದ ಮೇಲೇ ಮಣ್ಣು, ಕಲ್ಲು, ಒಡೆದ ಮಡಕೆಯ ಚೂರು (ಬೋಕಿ) ಎಲ್ಲ ತುಂಬಿ ಹೊಸದನ್ನು ಕಟ್ಟುತ್ತಿದ್ದರು. ಗ್ವಾಟೆಮಾಲದ ವಾಶಾಕ್ತೂನ್‌ನಲ್ಲಿ ಶಿಥಿಲವಾಗಿದ್ದ ಹೊರಪದರ ತೆಗೆದಾಗ, ಒಳಗೆ ದೊಡ್ಡ ದೊಡ್ಡ ಗಾರೆ ಮುಖವಾಡಗಳಿದ್ದ ಇನ್ನೊಂದು ಪಿರಮಿಡ್ಡೇ ಸಿಕ್ಕಿತು.

ಹಾಗಾಗಿ ಒಡೆಯದೆ ಉಳಿದ ಗಾರೆ ನೆಲ ಹುಡುಕಿ. ಅದರ ಕೆಳಗಿನ ಬೋಕಿಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದು ನೋಡಿ. ನೆಲ ಅದಕ್ಕಿಂತ ಹಳೆಯದಾಗಿರಲು ಸಾಧ್ಯವೇ ಇಲ್ಲ. ಹಳೆ ಬೋಕಿ ರಾಶಿಗಟ್ಟಲೆ ಸಿಕ್ಕರೂ ಮೋಸಹೋಗಬೇಡಿ, ಯಾವುದೋ ತಿಪ್ಪೆಯ ಮಣ್ಣು ಹೊತ್ತು ತಂದು ಸುರಿದಿದ್ದರೆ ಅದರಲ್ಲಿ ನೂರಾರು ವರ್ಷ ಹಿಂದಿನದೂ ಇರುತ್ತದೆ ಅಲ್ವಾ?

ಚೂರನ್ನು ತೊಳೆದು ಬೆರಳಾಡಿಸಿ. ಮೇಣ ಸವರಿದಂತೆ ಜಾರುವ, ಒಂದೇ ಬಣ್ಣದ ಕೆಂಪು ಚೂರಾದರೆ ಮಮೋಮ್ ಅಥವಾ ಚಿಕನೆಲ್ ಕಾಲದ್ದು (ಇವೆಲ್ಲ ಮಡಕೆಯ ಮಾದರಿ ನೋಡಿ ಕಾಲಘಟ್ಟಗಳಿಗೆ ಇಟ್ಟ ಹೆಸರು), ಅಂದರೆ ಹೆಚ್ಚುಕಡಿಮೆ ಕ್ರಿ.ಶ. 250ಕ್ಕಿಂತ ಮುಂಚಿನದು. ಹೊಳೆಯುವ ಕಿತ್ತಳೆ ಮೈ ಮೇಲೆ ಕೆಂಪು, ಕಪ್ಪು ಚಿತ್ತಾರ, ಬಟ್ಟಲಿನ ಬುಡದ ಹತ್ತಿರ ಸುತ್ತಲೂ ಚಾಚಿದ ಅಂಚು ಇದ್ದರೆ ತ್ಸಕೋಲ್, ಸುಮಾರು 250ರಿಂದ 600. ಅರಮನೆಯ ದೃಶ್ಯ, ಮನುಷ್ಯರ ಚಿತ್ರ ಬಂದರೆ ಸಾಮಾನ್ಯವಾಗಿ ತೆಪೆಯು, 600ರ ನಂತರದ್ದು. ಬಾಯಂಚು ಮತ್ತು ಬುಡದ ಚೂರುಗಳನ್ನು ಮೊದಲು ಬೇರೆ ಇಡಿ, ಹೊಟ್ಟೆಯ ಚೂರಿನಿಂದ ಆಕಾರ ತಿಳಿಯುವುದು ಕಷ್ಟ.

ಕಟ್ಟಡದ ಶೈಲಿ ಆಮೇಲೆ. ಮೆಕ್ಸಿಕೋದ ಉಷ್ಮಾಲ್‌ನಂತೆ ಕೆಳಗೆ ಬೋಳು ಗೋಡೆ, ಮೇಲೆ ಕೆತ್ತಿದ ಸಣ್ಣ ಕಲ್ಲುಗಳ ಜೋಡಣೆ ಕಂಡರೆ ಅದು ಪೂಕ್ ಶೈಲಿ, 9ನೇ ಶತಮಾನದ ಆಸುಪಾಸು. ಆದರೆ ಶೈಲಿ ಒಂದೂರಲ್ಲಿ ಬೇಗ, ಇನ್ನೊಂದೂರಲ್ಲಿ ತಡವಾಗಿ ಬರುತ್ತದೆ. ಬರೀ ಅದನ್ನೇ ನೆಚ್ಚಿಕೊಂಡರೆ ಎಡವುತ್ತೀರಿ.

ಗೋಡೆ ಚಿತ್ರದಲ್ಲಿ ತಾರೀಖೇ ಬರೆದಿದ್ದರೆ ಅದೃಷ್ಟ. ಮೆಕ್ಸಿಕೋದ ಬೊನಾಂಪಾಕ್‌ನಲ್ಲಿ 791ರ ತಾರೀಖು ಇದೆ. ಇಲ್ಲದಿದ್ದರೆ ಗಾರೆಯ ಪದರ ಎಣಿಸಿ, ಯಾಕೆಂದರೆ ಗೋಡೆ ಕಟ್ಟಿ ಎಷ್ಟೋ ವರ್ಷದ ಮೇಲೂ ಚಿತ್ರ ಬಿಡಿಸಿರಬಹುದು.

ಗ್ವಾಟೆಮಾಲದ ಸ್ಯಾನ್ ಬಾರ್ಟೊಲೊದಲ್ಲಿ 2001ರಲ್ಲಿ ಸಿಕ್ಕ ಚಿತ್ರಗಳು ಸುಮಾರು ಕ್ರಿ.ಪೂ. 100ರವು. ಅದೇ ಪಿರಮಿಡ್ಡಿನ ಇನ್ನೂ ಒಳಗಿನ ಪದರದಲ್ಲಿ ಬಣ್ಣ ಬಳಿದ ಗಾರೆಯ ತುಂಡುಗಳು ಸಿಕ್ಕವು. ಅದರ ಮೇಲೆ ಎರಡು ಚುಕ್ಕಿ, ಐದು ಎಂದು ಸೂಚಿಸುವ ಒಂದು ಗೆರೆ ಸೇರಿ 7, ಕೆಳಗೆ ಜಿಂಕೆಯ ತಲೆ: ‘7 ಜಿಂಕೆ’ ಎಂಬ ದಿನ. ಆ ದಿನ 260 ದಿನಕ್ಕೊಮ್ಮೆ ಮರಳಿ ಬರುತ್ತದೆ, ಹಾಗಾಗಿ ಓದಿದರೂ ವರ್ಷ ಗೊತ್ತಾಗುವುದಿಲ್ಲ. ಅದು ಕ್ರಿ.ಪೂ. 300-200ರ ನಡುವಿನದು ಅಂತ ತಿಳಿದದ್ದು ಜೊತೆಗಿದ್ದ ಇದ್ದಿಲಿನ ವಯಸ್ಸು ಅಳೆದಿದ್ದರಿಂದ (ರೇಡಿಯೋಕಾರ್ಬನ್ ಪರೀಕ್ಷೆ).