ಗಡಿಯಲ್ಲಿ ನಿಂತ ಹಸಿರು

ವಿದ್ಯುತ್ ಪಲ್ಸ್ (ಕ್ಷಣಿಕ ಮಿಡಿತ) ಕೊಟ್ಟು ಕೋಳಿ ಭ್ರೂಣದ ಮೆದುಳಿಗೆ ಡಿಎನ್‌ಎ ತೂರಿಸುವ ಯಂತ್ರವನ್ನು ಕಂಪನಿಯಿಂದ ಕೊಳ್ಳುವುದೆಂದರೆ ಲಕ್ಷಗಳ ಮಾತು. ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡು, ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್, ಮೂಲೆಗೆ ಬಿದ್ದಿದ್ದ ಡಿಸಿ ಸಪ್ಲೈ ಸೇರಿಸಿ ನಾನೇ ಒಂದು ಡಬ್ಬಿ ಕಟ್ಟಿಕೊಂಡೆ. ತಂತಿಯೂ ಸೇರಿ ಒಂಬತ್ತು ಸಾವಿರದ ಆಸುಪಾಸು. ನಮ್ಮ ಹಿರಿಯರೊಬ್ಬರು ನೋಡಿ, "ಆಮ್ಲೆಟ್‌ಗೆ ಆದೀತು ಬಿಡಪ್ಪ" ಎಂದರು.

ಎರಡು ತಿಂಗಳು ಅವರ ಮಾತೇ ಗೆದ್ದಿತು. ಎಲೆಕ್ಟ್ರೋಡ್‌ಗೆಂದು ಅಕ್ಕಸಾಲಿಗರೊಬ್ಬರು ಪ್ಲಾಟಿನಂ ಎಂದು ಕೊಟ್ಟ ತಂತಿ ನಾಲ್ಕನೆಯ ಪಲ್ಸ್‌ಗೇ ಕಪ್ಪಿಟ್ಟಿತು, ಬೆಳ್ಳಿ! ಭ್ರೂಣ ಎದ್ದು ಕಾಣಲೆಂದು ಅದರ ಅಡಿಗೆ ಬಿಟ್ಟ ಶಾಯಿಯಲ್ಲಿ ಅರಗು (ಶೆಲ್ಯಾಕ್) ಬೆರೆತಿತ್ತು, ಭ್ರೂಣಕ್ಕೆ ಅದು ವಿಷ. ಬೆಳಗಾಗುವಷ್ಟರಲ್ಲಿ ಒಂದು ಹೃದಯವೂ ಬಡಿಯುತ್ತಿರಲಿಲ್ಲ. ಕಾವಿನ ಮೊಟ್ಟೆಗೇ ಐದಾರು ಸಾವಿರ ಕೈಬಿಟ್ಟಿತು. ಕೊನೆಗೆ ಒಗ್ಗಿದ ಶಾಯಿ ಯಾವುದೆಂದು ಇಲ್ಲಿ ಹೇಳುವುದಿಲ್ಲ, ಅದಕ್ಕೆ ನಲವತ್ತು ಮೊಟ್ಟೆ ತೆತ್ತಿದ್ದೇನೆ.

ಕೈಹಿಡಿದದ್ದು ಇಷ್ಟು: ಮೊಟ್ಟೆಯನ್ನು 38 ಡಿಗ್ರಿಯಲ್ಲಿ ಅಡ್ಡ ಮಲಗಿಸಿ ಮೂವತ್ತಾರು ಗಂಟೆ, ಹತ್ತು ಸೊಮೈಟ್ (ಭ್ರೂಣದ ವಯಸ್ಸು ಎಣಿಸುವ ಬೆನ್ನಿನ ಗಂಟುಗಳು), ಎಲೆಕ್ಟ್ರೋಡ್‌ಗಳ ನಡುವೆ 4 ಮಿ.ಮೀ., 18 ವೋಲ್ಟ್, 50 ಮಿಲಿಸೆಕೆಂಡಿನ ಐದು ಪಲ್ಸ್. ಆತುರಕ್ಕೆ 25 ವೋಲ್ಟ್‌ಗೆ ಏರಿಸಿದ ದಿನ, ಮುಂದೆ ಮೆದುಳಾಗುವ ನರನಾಳ ಸುಕ್ಕುಗಟ್ಟಿ ಹೋಯಿತು.

ಮೆದುಳಿನ ಮುಂಭಾಗವನ್ನು ರೂಪಿಸುವ ಓಟಿಎಕ್ಸ್2 ಜೀನಿನ ಪಕ್ಕದಲ್ಲಿ, ಇಲಿಯಲ್ಲೂ ಕೋಳಿಯಲ್ಲೂ ಹೆಚ್ಚು ಬದಲಾಗದೆ ಉಳಿದ ಆರುನೂರು ಡಿಎನ್‌ಎ ಅಕ್ಷರಗಳ ತುಣುಕೊಂದಿದೆ. ಅದು ಎನ್‌ಹ್ಯಾನ್ಸರ್, ಅಂದರೆ ಜೀನು ಎಲ್ಲಿ ಚಾಲೂ ಆಗಬೇಕೆಂದು ಹೇಳುವ ತುಣುಕು, ಹೌದೇ ಎಂಬುದು ನನ್ನ ಪ್ರಶ್ನೆ. ಅದನ್ನು ದುರ್ಬಲ ಪ್ರೊಮೋಟರ್‌ (ಜೀನಿನ ಓದು ಶುರುವಾಗುವ ಜಾಗ) ಮುಂದಿಟ್ಟು, ಹಸಿರಾಗಿ ಹೊಳೆಯುವ ಜಿಎಫ್‌ಪಿ ಪ್ರೋಟೀನಿನ ಜೀನಿಗೆ ಜೋಡಿಸಿ, ಡಿಎನ್‌ಎ ಹೊಕ್ಕಲ್ಲೆಲ್ಲ ಕೆಂಪಾಗಿ ಉರಿಯುವ ಇನ್ನೊಂದು ಪ್ಲಾಸ್ಮಿಡ್‌ನೊಂದಿಗೆ (ಡಿಎನ್‌ಎ ಉಂಗುರ) ಬೆರೆಸಿದೆ. ಮರುದಿನ ಸೂಕ್ಷ್ಮದರ್ಶಕದಡಿ ಡಿಎನ್‌ಎಯನ್ನು ಸೆಳೆಯುವ ಧನ ಎಲೆಕ್ಟ್ರೋಡ್‌ನ ಕಡೆಯ ಅರ್ಧ ಬೆಳಗಿತ್ತು, ಇನ್ನರ್ಧ ಕತ್ತಲು. ಕೆಂಪು ಮಧ್ಯಮೆದುಳಿನಿಂದ ಹಿಮ್ಮೆದುಳಿನವರೆಗೂ ಹರಡಿತ್ತು. ಹಸಿರು ಮಾತ್ರ ಅವೆರಡರ ನಡುವಿನ ಸಣ್ಣ ಸೊಂಟದಲ್ಲಿ, ಓಟಿಎಕ್ಸ್2 ಮುಗಿದು ಹಿಮ್ಮೆದುಳಿನ ಕಡೆಯ ಜೀನು ಜಿಬಿಎಕ್ಸ್2 ಆರಂಭವಾಗುವಲ್ಲಿ, ದಾರ ಹಿಡಿದು ಕತ್ತರಿಸಿದಂತೆ ನಿಂತುಬಿಟ್ಟಿತ್ತು. ಇಪ್ಪತ್ತನಾಲ್ಕರಲ್ಲಿ ಹದಿನೈದೋ ಹದಿನಾರೋ ಹೀಗೆಯೇ ಬಂದವು. ಲಕ್ಷದ ಯಂತ್ರವುಳ್ಳವರೂ ಇದಕ್ಕಿಂತ ಹೆಚ್ಚು ಪಡೆದದ್ದನ್ನು ನಾನು ಕಂಡಿಲ್ಲ.

ಚಪಲಕ್ಕೆ ಎಫ್‌ಜಿಎಫ್8ಬಿ ಎಂಬ ಸಂಕೇತ ಪ್ರೋಟೀನಿನ ಜೀನನ್ನೂ ಒಂದು ಚೂರು ಬೆರೆಸಿ ನೋಡಿದೆ. ಜಪಾನಿನವರು ಅದರಿಂದ ಮಧ್ಯಮೆದುಳನ್ನೇ ಅನುಮಸ್ತಿಷ್ಕವಾಗಿಸಿದ್ದು 2001ರಷ್ಟು ಹಿಂದೆ. ಅದು ಓಟಿಎಕ್ಸ್2 ಅನ್ನು ಅದುಮುತ್ತದೆ, ಹಾಗಾಗಿ ನನ್ನ ಹಸಿರೂ ಆರಬೇಕು. ಬದುಕಿದ ಐದರಲ್ಲಿ ಮೂರರಲ್ಲಿ ಹಸಿರು ತೇಪೆತೇಪೆಯಾಗಿತ್ತು. ಐದೇ ಮೊಟ್ಟೆ, ಹಾಗಾಗಿ ಅದನ್ನು ಇನ್ನೂ ಯಾರಿಗೂ ತೋರಿಸಿಲ್ಲ.

ಮೊದಲ ಚಿತ್ರವನ್ನು ಮಾತ್ರ ಆಮ್ಲೆಟ್ ಎಂದವರ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ಆಮೇಲೆ ಗಡಿಯಾಚೆ ಹಿಮ್ಮೆದುಳಿನಲ್ಲಿ ಬೆರಳಿಟ್ಟು, "ಇಲ್ಲಿ ಮೂರು ಹಸಿರು ಚುಕ್ಕೆ ಇವೆಯಲ್ಲಪ್ಪ, ಇವೇನು?" ಎಂದರು. ಅಲ್ಲಿಯವರೆಗೆ ಅವು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಗುರುವಾರ ಇನ್ನೂ ಮೂರು ಡಜನ್ ಮೊಟ್ಟೆ ಬರುತ್ತಿವೆ.