ಬೆಲ್ಲದ ಲಾಟ್, ಹಳೇ ಡೇಟಾಬೇಸ್: ಮಂಡ್ಯದಲ್ಲಿ ನನ್ನ ಅನುಭವ

ಮಂಡ್ಯದ ಒಂದು ಬೆಲ್ಲದ ಮಂಡಿಗೆ ನಾನು ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಡೇಟಾಬೇಸ್ ಅರಾಂಗೊಡಿಬಿ. ಅದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಲಾಟ್‌ನ ತೂಕ, ದರ, ಅಚ್ಚೋ ಉಂಡೆಯೋ ಅನ್ನೋದು ಡಾಕ್ಯುಮೆಂಟ್ ಆಗಿ ಕೂರುತ್ತದೆ. ಆ ಲಾಟ್ ಯಾವ ಆಲೆಮನೆಯದು, ಅಲ್ಲಿಗೆ ಕಬ್ಬು ಹಾಕಿದ ರೈತರು ಯಾರು, ಯಾವ ಗದ್ದೆ ಅನ್ನೋದು ಗ್ರಾಫ್, ಅಂದರೆ ಒಂದಕ್ಕೊಂದು ಕೊಂಡಿ ಹಾಕಿದ ಜಾಲ; ಆ ಕೊಂಡಿಗೆ ಎಡ್ಜ್ ಅಂತಾರೆ. ಎರಡೂ ಒಂದೇ ಕಡೆ, ಎಕ್ಯೂಎಲ್ ಅನ್ನೋ ಅದರದೇ ಭಾಷೆಯಲ್ಲಿ ಬರೆದ ಒಂದೇ ಕ್ವೆರಿಯಲ್ಲಿ ಸಿಗುತ್ತದೆ.

ನಾವು ಬಹಳ ದಿನ ಅರಾಂಗೊಡಿಬಿಯ 3.3 ಆವೃತ್ತಿಯಲ್ಲೇ ಇದ್ದೆವು, ಎಂಎಂಫೈಲ್ಸ್ ಅನ್ನೋ ಎಂಜಿನ್ (ಡೇಟಾ ಇಡೋ, ತೆಗೆಯೋ ಭಾಗ) ಮೇಲೆ. ಅದು ಇಂಡೆಕ್ಸ್‌ಗಳನ್ನು (ಬೇಗ ಹುಡುಕೋಕೆ ಇರುವ ಸೂಚಿಗಳನ್ನು) ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿತ್ತು, ಸರ್ವರ್ ಆಫ್ ಆಗಿ ಆನ್ ಆದಾಗಲೆಲ್ಲ ಹೊಸದಾಗಿ ಕಟ್ಟಬೇಕಿತ್ತು. ಮಂಡಿಯಲ್ಲಿ ಕರೆಂಟ್ ಹೋಗೋದು ಮಾಮೂಲು. ಬೆಳಿಗ್ಗೆ ಗಾಡಿಗಳು ಸಾಲಾಗಿ ನಿಂತಿರುವಾಗ ಸಿಸ್ಟಮ್ ಇನ್ನೂ ಎದ್ದಿರುತ್ತಿರಲಿಲ್ಲ. ಯಜಮಾನರು ಒಂದಿನ "ಏನಪ್ಪಾ, ಇದಕ್ಕಿಂತ ನನ್ನ ಲೆಕ್ಕದ ಪುಸ್ತಕಾನೇ ವಾಸಿ ಅಲ್ವಾ?" ಅಂದರು. ಆ ಮಾತು ನನಗೆ ನಿಜವಾಗಿ ತಾಗಿತು.

2018ರ 3.4ರಿಂದ ರಾಕ್ಸ್‌ಡಿಬಿ ಎಂಜಿನ್ನೇ ಡೀಫಾಲ್ಟ್, 2020ರ 3.7ರಲ್ಲಿ ಎಂಎಂಫೈಲ್ಸ್ ಅನ್ನು ತೆಗೆದೇಬಿಟ್ಟರು. ಎಂಜಿನ್ ಬದಲಿಸೋಕೆ ಸುಮ್ನೆ ಅಪ್‌ಗ್ರೇಡ್ ಮಾಡಿದರೆ ಆಗಲ್ಲ. ಅರಾಂಗೊಡಂಪ್‌ನಿಂದ ಎಲ್ಲ ಹೊರಗೆ ತೆಗೆದು, ಹೊಸ ಸರ್ವರ್‌ಗೆ ಅರಾಂಗೊರಿಸ್ಟೋರ್‌ನಿಂದ ತುಂಬಬೇಕು. ಮಂಡಿ ರಜೆ ಇದ್ದ ದಿನ ಮಾಡಿದೆ. ಇಂಡೆಕ್ಸ್ ಈಗ ಡಿಸ್ಕ್‌ನಲ್ಲೇ ಉಳಿಯುತ್ತದೆ, ಕರೆಂಟ್ ಹೋಗಿ ಬಂದರೂ ಕಾಯೋ ಕೆಲಸ ಇಲ್ಲ.

ಆದರೆ ಮಾರನೇ ದಿನವೇ ಎರರ್ 1200 ಶುರುವಾಯಿತು. ರೈಟ್-ರೈಟ್ ಕಾನ್‌ಫ್ಲಿಕ್ಟ್. ತೂಕದವರು ಮತ್ತು ಹರಾಜಿನವರು ಒಂದೇ ಲಾಟನ್ನು ಒಂದೇ ಹೊತ್ತಿಗೆ ತಿದ್ದುತ್ತಿದ್ದರು. ಮೊದಲು ಇಡೀ ಕಲೆಕ್ಷನ್‌ಗೇ ಬೀಗ ಬೀಳುತ್ತಿದ್ದರಿಂದ ಎರಡನೆಯವರು ಕಾಯುತ್ತಿದ್ದರು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಬೀಗ ಆ ಒಂದು ಡಾಕ್ಯುಮೆಂಟ್‌ಗೆ ಮಾತ್ರ. ಬೇರೆ ಲಾಟ್ ಬರೆಯೋರಿಗೆ ತಡೆಯೇ ಇಲ್ಲ, ಆದರೆ ಒಂದೇ ಲಾಟ್‌ಗೆ ಇಬ್ಬರು ಬಂದರೆ ಒಬ್ಬರ ಬರವಣಿಗೆ ವಾಪಸ್ ಬರುತ್ತದೆ. ಸ್ವಲ್ಪ ತಡೆದು ಮತ್ತೆ ಪ್ರಯತ್ನಿಸುವ ನಾಲ್ಕು ಸಾಲು ಕೋಡ್ ಸೇರಿಸಿದೆ, ಮುಗಿಯಿತು.

ಇಷ್ಟಾದರೂ ಒಂದು ಕ್ವೆರಿ ಮಾತ್ರ ನಿಧಾನ. ಅದೇ ನಮಗೆ ಮುಖ್ಯವಾದದ್ದು. ಬೆಲ್ಲ ಬೆಳ್ಳಗೆ ಕಾಣಲಿ ಅಂತ ಹೈಡ್ರೋಸ್ ಅನ್ನೋ ರಾಸಾಯನಿಕ ಜಾಸ್ತಿ ಹಾಕಿದ್ದಾರೆ ಅಂತ ಕೊಂಡವರು ದೂರು ತಂದರೆ ಆ ಲಾಟಿನ ಜಾಡು ಹಿಡಿದು ಗದ್ದೆವರೆಗೂ ಹೋಗಬೇಕು. ಬೆಲ್ಲ ಕಾಯಿಸಿದವರ ತಪ್ಪಿಗೆ ಕಬ್ಬು ಬೆಳೆದವರ ಹೆಸರು ಕೆಡಬಾರದು, ಅದಕ್ಕೇ ಇದು ಸರಿಯಾಗಿ, ಬೇಗ ಬರಬೇಕು ಅಂತ ನನಗೆ ಹಟ.

ರ‍್ಯಾಮ್ ಹಾಕಿಸೋಣ ಅಂತ ಹೊರಟವನು ಅದಕ್ಕೆ ಮೊದಲು ಕ್ವೆರಿ ಹೇಗೆ ಓಡುತ್ತೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಓಡಿಸಿ ನೋಡಿದೆ. ಬರೀ ಎಡ್ಜ್ ಇಂಡೆಕ್ಸ್, ಅಂದರೆ ಕೊಂಡಿಗಳ ತುದಿಗಳ ಸೂಚಿ ಮಾತ್ರ, ಬಳಕೆಯಾಗುತ್ತಿತ್ತು. ಅಂದರೆ ದೊಡ್ಡ ಆಲೆಮನೆಯೊಂದಕ್ಕೆ ಬಂದ ಕೂಡಲೇ ಅದಕ್ಕೆ ಅಷ್ಟೂ ವರ್ಷದಲ್ಲಿ ಕಬ್ಬು ಹಾಕಿದ ಎಲ್ಲರ ಎಡ್ಜ್‌ಗಳನ್ನೂ ಓದಿ, ಕೊನೆಗೆ ಈ ಹಂಗಾಮಿನದ್ದು ಮಾತ್ರ ಉಳಿಸಿಕೊಳ್ಳುತ್ತಿತ್ತು. ನಾನು ಮಾಡಿದ್ದು ಮೂರು ಕೆಲಸ. ಪ್ರತಿ ಎಡ್ಜ್‌ನಲ್ಲೂ ಹಂಗಾಮು ಬರೆಸಿದೆ. ಹೊರಡುವ ತುದಿ ಮತ್ತು ಹಂಗಾಮು ಎರಡನ್ನೂ ಸೇರಿಸಿ ಒಂದು ಪರ್ಸಿಸ್ಟೆಂಟ್ (ಡಿಸ್ಕ್‌ನಲ್ಲಿ ಉಳಿಯುವ) ಇಂಡೆಕ್ಸ್ ಕಟ್ಟಿದೆ, ಇದಕ್ಕೆ ವರ್ಟೆಕ್ಸ್-ಸೆಂಟ್ರಿಕ್ ಅಂತಾರೆ. ಆಮೇಲೆ ಫಿಲ್ಟರನ್ನು ಫಲಿತಾಂಶದ ಮೇಲೆ ಹಾಕೋದು ಬಿಟ್ಟು, ದಾರಿಯ ಎಲ್ಲ ಎಡ್ಜ್‌ಗೂ ಅನ್ವಯಿಸುವ ಹಾಗೆ ಬರೆದೆ. ಈ ಮೂರನೆಯದು ಆಗದೆ ಇದ್ದರೆ ಇಂಡೆಕ್ಸ್ ಇದ್ದೂ ಇಲ್ಲದ ಹಾಗೆ, ನಾನು ಅರ್ಧ ದಿನ ಒದ್ದಾಡಿದ್ದು ಇಲ್ಲೇ.

3.10ಕ್ಕೆ ಬಂದ ಮೇಲೆ ಇಂಡೆಕ್ಸ್ ಒಳಗೇ ಬೇರೆ ಫೀಲ್ಡ್‌ಗಳನ್ನೂ ಇಡುವ ಸ್ಟೋರ್ಡ್ ವ್ಯಾಲ್ಯೂಸ್ ಸಿಕ್ಕಿತು. ದಿನದ ಪಟ್ಟಿಗೆ ತೂಕ, ದರ ಅಷ್ಟೇ ಸಾಕಲ್ವಾ, ಡಾಕ್ಯುಮೆಂಟ್ ತೆರೆಯೋದೇ ಬೇಡ.

ಈಗ ದೂರು ಬಂದರೆ ಯಜಮಾನರು ಕೊಂಡವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಲಾಟ್ ನಂಬರ್ ಹೊಡೆಯುತ್ತಾರೆ. ಲೆಕ್ಕದ ಪುಸ್ತಕ ಇನ್ನೂ ಗಲ್ಲಾಪೆಟ್ಟಿಗೆ ಮೇಲೇ ಇದೆ, ಅದು ಅವರ ತಂದೆ ಕಾಲದ್ದು.