ಹಳೇ ಟೈರ್ ಮಾರುವ ಮುನ್ನ ನಾಲ್ಕು ಅಂಕಿ ಓದಿ

ಕಳೆದ ಮಳೆಗಾಲಕ್ಕೆ ಸ್ವಲ್ಪ ಮೊದಲು ನನ್ನ 2012ರ ಸ್ವಿಫ್ಟ್‌ಗೆ ನಾಲ್ಕು ಹೊಸ ಟೈರ್ ಹಾಕಿಸಿದೆ. ಅಂಗಡಿಯ ಹುಡುಗ ಹಳೆಯವನ್ನು ಕಳಚಿ ಮೂಲೆಗೆ ಉರುಳಿಸುತ್ತಾ, ‘ಇವನ್ನ ಇಲ್ಲೇ ಬಿಟ್ಟೋಗಿ ಸಾರ್, ಗುಜರಿಗೆ ಹಾಕ್ತೀವಿ’ ಎಂದ. ಹಿಂದಿನ ಸಲ ಬೇರೊಂದು ಊರಿನಲ್ಲಿ ಹಾಗೇ ಬಿಟ್ಟು ಬಂದಿದ್ದೆ. ತಿಂಗಳೊಪ್ಪತ್ತಿನಲ್ಲಿ ಹೆದ್ದಾರಿ ಬದಿಯ ಪಂಕ್ಚರ್ ಶಾಪೊಂದರ ಮುಂದೆ ಮಿರಮಿರ ಮಿಂಚುವ ಟೈರುಗಳ ಸಾಲು ಕಂಡಿತು. ಅದರಲ್ಲೊಂದು ನನ್ನದೇ. ಮನೆ ಗೇಟಿನ ಕೊಂಡಿ ತರಚಿ ಪಕ್ಕೆಯಲ್ಲಿ ಮೂಡಿದ್ದ ಅರ್ಧಚಂದ್ರದ ಗಾಯವನ್ನು ನಾನು ಮರೆಯುವುದುಂಟೇ? ಸವೆದು ನುಣ್ಣಗಾಗಿದ್ದ ಮೈಯಲ್ಲಿ ಕಾಯಿಸಿದ ಬ್ಲೇಡಿನಿಂದ ಹೊಸದಾಗಿ ಗೀರು ಕೊರೆದು, ಮೇಲೆ ಕರಿ ಪಾಲಿಶ್ ಬಳಿದಿದ್ದರು. ರೇಟು ಕೇಳಿದೆ. ‘ಒಂದೂವರೆ ಸಾವಿರ, ಎಂಬತ್ತು ಪರ್ಸೆಂಟ್ ಲೈಫ್ ಇದೆ’ ಎಂದರು.

ಹಾಗಾಗಿ ಈ ಸಲ ನಾಲ್ಕನ್ನೂ ಡಿಕ್ಕಿಗೂ ಹಿಂದಿನ ಸೀಟಿಗೂ ತುಂಬಿಕೊಂಡು ಮನೆಗೆ ತಂದೆ. ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನೂ ಹೊರಗೆಳೆದೆ. ಅಂಗಳದಲ್ಲಿ ಐದು ಟೈರು. ಯಾವುದನ್ನು ಮಾರುವುದು, ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಕೊಲ್ಲುವುದು?

ಮೊದಲು ವಯಸ್ಸು, ಆಮೇಲೆ ಗ್ರಿಪ್ಪು

ಟೈರಿನ ಪಕ್ಕೆಯಲ್ಲಿ ಡಾಟ್ (DOT) ಎಂಬ ಅಕ್ಷರಗಳ ನಂತರ ಒಂದು ಉದ್ದದ ಸಂಕೇತವಿರುತ್ತದೆ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 1421 ಎಂದಿದ್ದರೆ 2021ರ ಹದಿನಾಲ್ಕನೇ ವಾರ, ಅಂದರೆ ಏಪ್ರಿಲ್ ಮೊದಲ ಭಾಗ. ಎಷ್ಟೋ ಟೈರುಗಳಲ್ಲಿ ಈ ಅಂಕಿ ಒಂದೇ ಪಕ್ಕೆಯಲ್ಲಿರುತ್ತದೆ. ಆ ಪಕ್ಕೆ ಕಾರಿನ ಒಳಮುಖಕ್ಕಿದ್ದರೆ ನೆಲಕ್ಕೆ ಕೆನ್ನೆ ಹಚ್ಚಿ ಟಾರ್ಚ್ ಬಿಟ್ಟು ಓದಬೇಕು.

ನನ್ನ ನಾಲ್ಕು ಟೈರುಗಳೂ 1421. ಸ್ಟೆಪ್ನಿಯ ಮೇಲಿದ್ದದ್ದು 3811. ಕಾರಿನ ಜೊತೆ ಕಾರ್ಖಾನೆಯಿಂದ ಬಂದು, ಹದಿಮೂರು ವರ್ಷ ಡಿಕ್ಕಿಯ ಕತ್ತಲಲ್ಲೇ ಕಳೆದು, ನೆಲ ಮುಟ್ಟಿದ್ದು ಒಂದೋ ಎರಡೋ ಸಲ. ಗೀರುಗಳು ಹೊಸದರಷ್ಟೇ ಆಳ. ನೋಡಲು ಬಂದವರೊಬ್ಬರು ಉಳಿದವನ್ನೆಲ್ಲ ಬಿಟ್ಟು ಇದೊಂದಕ್ಕೇ 1,200 ಕೊಡುತ್ತೇನೆ ಎಂದರು, ‘ಹೊಸದಿದ್ದಂಗಿದೆ’ ಎಂದು ಸವರಿದರು. ಆದರೆ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿದರೆ ಒಣಗಿದ ಕೆರೆಯಂಗಳದಂತೆ ಸಣ್ಣ ಸಣ್ಣ ಬಿರುಕು. ರಬ್ಬರ್ ಓಡದಿದ್ದರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಓಝೋನ್, ಶಾಖ ಸೇರಿ ಅದನ್ನು ಗಟ್ಟಿ ಮಾಡಿ ಬಿರಿಯುವಂತೆ ಮಾಡುತ್ತವೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಿ, ಹತ್ತು ದಾಟಿದ್ದನ್ನು ಗ್ರಿಪ್, ಅಂದರೆ ಗೀರಿನ ಆಳ, ಎಷ್ಟೇ ಇರಲಿ ತೆಗೆದುಬಿಡಿ ಎನ್ನುವುದು ಟೈರ್ ಕಂಪನಿಗಳೇ ಕೊಡುವ ಸಲಹೆ. ಐದರಲ್ಲಿ ಅತಿ ಹೆಚ್ಚು ಗ್ರಿಪ್ ಇದ್ದ ಟೈರೇ ಅತ್ಯಂತ ನಿರುಪಯುಕ್ತವಾಗಿತ್ತು.

ವಯಸ್ಸು ಸರಿಯಿದ್ದರೆ ಆಮೇಲೆ ಆಳ ಅಳೆಯಿರಿ. ಗೀರುಗಳ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಪುಟ್ಟ ದಿಣ್ಣೆಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟೈರಿನ ಮೈ ಸವೆದು ಈ ದಿಣ್ಣೆಯ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರವೇ ಅದರ ಆಯುಷ್ಯ ಮುಗಿಯಿತು. ಹೊಸ ಟೈರಿನಲ್ಲಿ ಹೆಚ್ಚುಕಡಿಮೆ 8 ಮಿ.ಮೀ. ಇರುತ್ತದೆ. ಅಳೆಯಲು ಪ್ಲಾಸ್ಟಿಕ್ ಗೇಜ್ ಅಗ್ಗಕ್ಕೆ ಸಿಗುತ್ತದೆ. ಒಳಅಂಚು, ನಡು, ಹೊರಅಂಚು ಮೂರೂ ಕಡೆ ಅಳೆಯಿರಿ. ನನ್ನ ಹಿಂದಿನ ಎರಡರಲ್ಲಿ 4 ಮಿ.ಮೀ. ಇತ್ತು. ಮುಂದಿನವು 2.2ಕ್ಕೆ ಇಳಿದಿದ್ದವು. ಬಯಲುಸೀಮೆಯಲ್ಲಾಗಿದ್ದರೆ ಇನ್ನೂ ಒಂದಷ್ಟು ಓಡಿಸುತ್ತಿದ್ದೆನೇನೋ. ಆದರೆ ಶಿವಮೊಗ್ಗದಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗಿಬರುವವನು ಜೂನ್ ತಿಂಗಳಲ್ಲಿ ಕಾನೂನಿನ ಕನಿಷ್ಠವನ್ನು ನಂಬಿಕೊಂಡು ಕೂರಲಾಗದು. 3 ಮಿ.ಮೀ.ಗಿಂತ ಕೆಳಗಿಳಿದ ಗೀರು ನೀರನ್ನು ಬೇಗ ಹೊರದೂಡುವುದಿಲ್ಲ, ಚಕ್ರ ರಸ್ತೆ ಬಿಟ್ಟು ನೀರಿನ ಮೇಲೆ ತೇಲತೊಡಗುತ್ತದೆ.

ಸವೆತದ ರೀತಿ ಕಾರಿನ ಜಾತಕವನ್ನೂ ಹೇಳುತ್ತದೆ. ನಡು ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ. ಒಂದೇ ಅಂಚಾದರೆ ಅಲೈನ್‌ಮೆಂಟ್ ತಪ್ಪಿದೆ. ಅಲ್ಲಲ್ಲಿ ತೇಪೆ ತೇಪೆಯಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಕಡೆ ನೋಡಿ. ಇದನ್ನು ಸರಿಪಡಿಸದೆ ಹೊಸ ಟೈರ್ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಪಕ್ಕೆಯಲ್ಲಿ ಗುಳ್ಳೆಯಂಥ ಉಬ್ಬಿದ್ದರೆ ಮಾತೇ ಇಲ್ಲ. ಹೊಂಡಕ್ಕೆ ಬಿದ್ದ ಏಟಿಗೆ ಒಳಗಿನ ದಾರದ ಪದರ ಹರಿದಿದೆ ಎಂದರ್ಥ. ಮುಂದಿನ ಎಡಗಡೆಯ ಟೈರಿನಲ್ಲಿ ನನಗೆ ಸಿಕ್ಕಿದ್ದು ಇದೇ. ಪಕ್ಕೆಯ ಪಂಕ್ಚರಿಗೂ ಪ್ಯಾಚ್ ಹಾಕಿ ಓಡಿಸುವಂತಿಲ್ಲ.

ಬೆಲೆ ಕಟ್ಟುವುದು

ಇಲ್ಲಿ ಎಲ್ಲರೂ ಎಡವುತ್ತಾರೆ. ‘ನಾಲ್ಕು ಸಾವಿರ ಕೊಟ್ಟಿದ್ದೆ, ಎರಡು ಸಾವಿರಕ್ಕಾದರೂ ಹೋಗಬೇಡವೇ’ ಎಂಬ ಲೆಕ್ಕ. ಕೊಳ್ಳುವವನಿಗೆ ನೀವು ಕೊಟ್ಟಿದ್ದು ಮುಖ್ಯವಲ್ಲ, ಈಗ ಹೊಸದಕ್ಕೆ ಎಷ್ಟು ಎಂಬುದು ಮುಖ್ಯ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. 128 ರೂಪಾಯಿಗೆ ಬರುತ್ತಿದ್ದದ್ದು 118ಕ್ಕೆ, ಅಂದರೆ ಸುಮಾರು ಶೇ 8ರಷ್ಟು ಕಡಿಮೆ. ಹಳೆಯದರ ಬೆಲೆಯೂ ಅದರ ಬೆನ್ನಿಗೇ ಇಳಿಯಬೇಕು.

ನಾನು ಹಾಕುವ ಲೆಕ್ಕ ಹೀಗೆ. ಹೊಸದು 4,000 ಎಂದಿಟ್ಟುಕೊಳ್ಳಿ. ಬಳಸಬಹುದಾದ ಗ್ರಿಪ್ 8ರಲ್ಲಿ 1.6 ಕಳೆದರೆ 6.4 ಮಿ.ಮೀ. ನನ್ನ ಟೈರಿನಲ್ಲಿ ಉಳಿದದ್ದು 4ರಲ್ಲಿ 1.6 ಕಳೆದು 2.4. ಅಂದರೆ ಶೇ 37.5, ರೂಪಾಯಿಯಲ್ಲಿ 1,500. ಇದಕ್ಕೆ ವಾರಂಟಿ ಇಲ್ಲ, ನಾಲ್ಕು ವರ್ಷದ ವಯಸ್ಸು ಬೇರೆ, ಕೊಳ್ಳುವವನು ಫಿಟ್ಟಿಂಗ್, ಬ್ಯಾಲೆನ್ಸಿಂಗಿಗೂ ಕೈಯಿಂದ ಹಾಕಬೇಕು. ಅರ್ಧ ಕಡಿತ. ಟೈರಿಗೆ 750. ಜೋಡಿಗೆ 1,500 ಹೇಳಿದೆ, 1,400ಕ್ಕೆ ಹೋಯಿತು. ಒಂಟಿ ಟೈರಿಗಿಂತ ಒಂದೇ ಕಂಪನಿಯ, ಒಂದೇ ವಾರದ ಜೋಡಿ ಬೇಗ ಮಾರಾಟವಾಗುತ್ತದೆ. ನಾಲ್ಕಿದ್ದರೆ ಇನ್ನೂ ಸಲೀಸು.

ಈ ಪೇಟೆಯಲ್ಲಿ ನಿಜವಾದ ಲಾಭದ ಮಾಲೆಂದರೆ ಹೊಸ ಕಾರಿಗೆ ದಪ್ಪ ಅಲಾಯ್ ಚಕ್ರ ಹಾಕಿಸುವವರು ಕಳಚಿಸಿದ ಟೈರು. ಸಾವಿರ ಕಿಲೋಮೀಟರೂ ಓಡಿರುವುದಿಲ್ಲ. ನೀವು ಹಾಗೆ ಕಳಚಿಸಿದವರಾದರೆ ರಿಮ್ ಸಮೇತ ಮಾರಿ. ಹಳೇ ಕಾರಿನವರಾದರೆ ಅಂಥದ್ದನ್ನೇ ಹುಡುಕಿ. ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನ ಅಂಗಡಿಗಳಲ್ಲಿ ಇಂಥ ವಿಚಾರಣೆ ದಿನನಿತ್ಯದ್ದು.

ಜಾಹೀರಾತು ಹಾಕುವಾಗ ಟೈರನ್ನು ಸೋಪು ನೀರಲ್ಲಿ ತೊಳೆಯಿರಿ, ಪಾಲಿಶ್ ಹಚ್ಚಬೇಡಿ. ಪಾಲಿಶ್ ಕಂಡ ತಕ್ಷಣ ಬಲ್ಲವನು ಬಿರುಕು ಮುಚ್ಚಿದ್ದಾರೆ ಅಂದುಕೊಳ್ಳುತ್ತಾನೆ. ಡಾಟ್ ಅಂಕಿ, ಗೇಜ್ ಇಟ್ಟ ಗೀರು, ಎರಡೂ ಪಕ್ಕೆ, ಪ್ಯಾಚ್ ಕಾಣುವಂತೆ ಒಳಮೈ, ಇಷ್ಟು ಫೋಟೊ ಸಾಕು. ಅಳತೆಯನ್ನು ಪೂರ್ತಿ ಬರೆಯಿರಿ: 165/80 ಆರ್14 85ಟಿ. 165 ಮಿ.ಮೀ. ಅಗಲ, ಪಕ್ಕೆಯ ಎತ್ತರ ಅಗಲದ ಶೇ 80, ರೇಡಿಯಲ್, 14 ಇಂಚಿನ ರಿಮ್. 85 ಎಂದರೆ ಒಂದು ಟೈರು 515 ಕೆ.ಜಿ. ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿ.ಮೀ.ವರೆಗಿನ ವೇಗ ತಡೆಯಬಲ್ಲದು. ‘ಸ್ವಿಫ್ಟ್ ಟೈರ್’ ಎಂದಷ್ಟೇ ಬರೆದರೆ ದಿನವಿಡೀ ಫೋನ್ ಎತ್ತುತ್ತಿರಬೇಕಾಗುತ್ತದೆ.

ಫೋನಿನಲ್ಲಿ ಟೈರನ್ನೇ ನೋಡದೆ ಚೌಕಾಸಿಯನ್ನೂ ಮಾಡದೆ ‘ಈಗಲೇ ದುಡ್ಡು ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ’ ಎನ್ನುವವನು ಗಿರಾಕಿಯಲ್ಲ. ಯುಪಿಐನಲ್ಲಿ ಹಣ ಪಡೆಯಲು ಸ್ಕ್ಯಾನ್ ಮಾಡುವುದೂ ಬೇಡ, ಪಿನ್ ಒತ್ತುವುದೂ ಬೇಡ. ಪಿನ್ ಒತ್ತಿದರೆ ಹೋಗುವುದು ನಿಮ್ಮದೇ ದುಡ್ಡು.

ನನ್ನ ಜೋಡಿ ಒಯ್ದವರು ಹಿರಿಯೂರಿನ ಕಡೆಯವರು. ಪೇಟೆಯೊಳಗೆ ಓಡಿಸುವ ಕಾರು ಎಂದರು. ಮಳೆ ಕಮ್ಮಿ, ವೇಗ ಕಮ್ಮಿ. ಎಷ್ಟು ಗ್ರಿಪ್ ಉಳಿದಿದೆ, ಎಲ್ಲಿ ಒಂದು ಪ್ಯಾಚ್ ಇದೆ ಎಂದು ತೋರಿಸಿಯೇ ಕೊಟ್ಟೆ. ಕುಂದಾಪುರದವರು ಕೇಳಿದ್ದರೆ ಕೊಡುತ್ತಿರಲಿಲ್ಲ.

ಮಾರಬಾರದ್ದನ್ನು ಏನು ಮಾಡುವುದು

ಉಳಿದದ್ದು ಮೂರು. ಉಬ್ಬಿಲ್ಲದ ಮುಂದಿನ ಟೈರು ಸ್ಟೆಪ್ನಿಯಾಯಿತು. ಮುಂದಿನ ಪಂಕ್ಚರ್ ಅಂಗಡಿಯವರೆಗೆ ಹೋಗಲು 2.2 ಮಿ.ಮೀ. ಧಾರಾಳ. ಉಬ್ಬಿದ್ದನ್ನೂ ಆ 3811 ಅನ್ನೂ ಹ್ಯಾಕ್ಸಾ ಬ್ಲೇಡಿನಿಂದ ಪಕ್ಕೆಯಲ್ಲಿ ಎರಡೆರಡು ಕಡೆ ಕತ್ತರಿಸಿದೆ. ಹಾಗೆ ಮಾಡಿದರೆ ಯಾರೂ ಅದಕ್ಕೆ ಹೊಸ ಗೀರು ಕೊರೆದು ರಸ್ತೆಗೆ ಬಿಡಲಾರರು. ಲಾರಿ ಟೈರುಗಳಿಗೆ ರೀಟ್ರೆಡಿಂಗ್ ಒಂದು ಗೌರವಸ್ಥ ಉದ್ಯಮ, ಅಲ್ಲಿ ಮೇಲೆ ಹೊಸ ರಬ್ಬರ್ ಕೂರಿಸುತ್ತಾರೆ. ಕಾರಿನ ಟೈರಿಗೆ ಬೀದಿಬದಿಯಲ್ಲಿ ಮಾಡುವುದು ಇದ್ದ ರಬ್ಬರನ್ನೇ ದಾರದ ಪದರದವರೆಗೆ ಕೆರೆಯುವ ಕೆಲಸ.

ಕತ್ತರಿಸಿದ್ದನ್ನು ಮನೆ ಹಿಂದೆ ಎಸೆಯಬೇಡಿ. ನಾಲ್ಕು ಹನಿ ಮಳೆನೀರು ನಿಂತರೂ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅದು ತೊಟ್ಟಿಲು. ಸುಡುವುದಂತೂ ಬೇಡ. ಬಂದ್ ದಿನ ವೃತ್ತದಲ್ಲಿ ಟೈರ್ ಸುಟ್ಟರೇ ಹೋರಾಟ ಎಂದು ನಾವು ಯಾಕೆ ನಂಬಿದೆವೋ ಗೊತ್ತಿಲ್ಲ, ಆ ಹೊಗೆ ಕುಡಿಯುವುದು ಸರ್ಕಾರವಲ್ಲ, ಅಲ್ಲೇ ಕಡಲೆಕಾಯಿ ಮಾರುವವರು. ಹಳೇ ಟೈರಿನ ಮರುಬಳಕೆಯ ಹೊಣೆಯನ್ನು 2022ರ ಕೇಂದ್ರ ನಿಯಮಗಳು ಟೈರ್ ತಯಾರಕರ ಮೇಲೆ ಹೊರಿಸಿವೆ. ಹಾಗಾಗಿ ಕತ್ತರಿಸಿದ ಟೈರನ್ನು ಅಧಿಕೃತ ಡೀಲರ್ ಬಳಿಗೇ ಒಯ್ದು ಕೊಡಿ. ಕಾಸು ಹುಟ್ಟುವುದಿಲ್ಲ, ಹೋಗಲಿ.

ಹಳೇ ಕಾರಿಗೆ ಎಲ್ಲಿ ಬಿಚ್ಚಬೇಕು, ಎಲ್ಲಿ ಬಿಗಿಯಬೇಕು

ಎರಡೇ ಹೊಸ ಟೈರಿಗೆ ಬಜೆಟ್ ಇದ್ದರೆ ಅವನ್ನು ಹಿಂದಕ್ಕೆ ಹಾಕಿಸಿ, ಹಿಂದಿನದನ್ನು ಮುಂದಕ್ಕೆ ತನ್ನಿ. ಮೆಕ್ಯಾನಿಕ್ ಒಪ್ಪುವುದು ಕಷ್ಟ, ಎಂಜಿನ್ ಮುಂದಿದೆಯಲ್ಲ ಎನ್ನುತ್ತಾರೆ. ಆದರೆ ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್ ಬಿಟ್ಟಾಗ ಕಾರು ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂಬದಿ ಜಾರಿದರೆ ಕಾರೇ ಬುಗುರಿಯಾಗುತ್ತದೆ, ಅದನ್ನು ಸಂಭಾಳಿಸುವುದು ನಮ್ಮಂಥವರ ಕೈಲಾಗದ್ದು.

ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ ಟೈರ್ ತಣ್ಣಗಿರುವಾಗ, ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ ಹಾಕಿಸಿ. ಹತ್ತು ಸಾವಿರ ಕಿ.ಮೀ.ಗೊಮ್ಮೆ ಮುಂದಿನದನ್ನು ಹಿಂದಕ್ಕೆ ತಿರುಗಿಸಿ. ಟೈರಿನ ಆಯುಷ್ಯ ಹೆಚ್ಚಿಸುವ ಇಷ್ಟು ಅಗ್ಗದ ಔಷಧ ಇನ್ನೊಂದಿಲ್ಲ.

ದುಡ್ಡು ಹಿಡಿಯಬಾರದ ಜಾಗ ಮೂರು. ಎಂಜಿನ್ ಆಯಿಲ್ ಒಂದು, ಓಡಲಿ ಬಿಡಲಿ ವರ್ಷಕ್ಕೊಮ್ಮೆ. ಬ್ರೇಕ್ ಆಯಿಲ್ ಇನ್ನೊಂದು: ಅದು ಗಾಳಿಯ ತೇವ ಹೀರುತ್ತದೆ, ಘಾಟಿಯಲ್ಲಿ ಬ್ರೇಕ್ ಕಾದಾಗ ಆ ನೀರು ಆವಿಯಾಗಿ ಪೆಡಲ್ ಮೆತ್ತಗೆ ಒಳಗಿಳಿಯುತ್ತದೆ, ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ. ಮೂರನೆಯದು ಕೂಲೆಂಟ್, ಎಂಜಿನ್ ತಣ್ಣಗಿಡುವ ದ್ರವ. ನಮ್ಮ ಕಡೆ ರೇಡಿಯೇಟರಿಗೆ ಬಾವಿ ನೀರು ಸುರಿಯುವ ಅಭ್ಯಾಸ ಬಲವಾಗಿದೆ, ಒಳಗೆ ತುಕ್ಕೂ ಗಸಿಯೂ ಕಟ್ಟಿ ಒಂದು ದಿನ ಎಂಜಿನ್ ಹೆಡ್ ಬಿಚ್ಚುವ ಹತ್ತಾರು ಸಾವಿರದ ಬಿಲ್ಲು ಬರುತ್ತದೆ. ಟೆಂಪರೇಚರ್ ಮುಳ್ಳು ಏರಿದರೆ ‘ಇನ್ನೆರಡೇ ಕಿಲೋಮೀಟರ್’ ಎನ್ನದೆ ನಿಲ್ಲಿಸಿ, ಬಿಸಿಯಿರುವಾಗ ಮುಚ್ಚಳ ತೆರೆಯಬೇಡಿ.

ಉಳಿಸುವ ಜಾಗ ಬೇಕಾದಷ್ಟಿವೆ. ಏರ್ ಫಿಲ್ಟರ್, ವೈಪರ್ ರಬ್ಬರ್, ಬಲ್ಬು ಇವನ್ನು ಮನೆಯಲ್ಲೇ ಬದಲಿಸಬಹುದು. ಡೀಕಾರ್ಬನೈಸಿಂಗ್, ಎಂಜಿನ್ ಫ್ಲಶ್ ಎಂದು ಸರ್ವಿಸ್ ಕೌಂಟರಿನಲ್ಲಿ ಶುರು ಮಾಡಿದರೆ ನಕ್ಕು ಬೇಡ ಎನ್ನಿ. ಎ.ಸಿ. ಗ್ಯಾಸ್ ವರ್ಷವರ್ಷ ತುಂಬಿಸುವ ವಸ್ತುವಲ್ಲ, ಖಾಲಿಯಾಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಅದನ್ನು ಹುಡುಕಿಸಿ. ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಒಯ್ದರೆ ಬೆಲೆ ಇಳಿಯುತ್ತದೆ. ಮಳೆಗಾಲದಲ್ಲಿ ಬಾನೆಟ್ ಒಳಗೆ ಬೆಚ್ಚಗೆ ಮಲಗಿ ವೈರ್ ಕಡಿಯುವ ಇಲಿಗೆ ನಮ್ಮಲ್ಲಿ ಹೊಗೆಸೊಪ್ಪಿನ ಗಂಟು ಕಟ್ಟುತ್ತಾರೆ. ಕೆಲಸ ಮಾಡುತ್ತದೋ ಇಲ್ಲವೋ, ಕಾರು ಮಾತ್ರ ಅಜ್ಜನ ಸಂಚಿಯ ವಾಸನೆ ಹೊಡೆಯುತ್ತದೆ.

ವಿಮೆಯಲ್ಲಿ ಥರ್ಡ್ ಪಾರ್ಟಿ, ಅಂದರೆ ಇನ್ನೊಬ್ಬರಿಗಾದ ಹಾನಿಯದ್ದು, ಕಡ್ಡಾಯ. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ 1000 ಸಿ.ಸಿ.ವರೆಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿ.ಸಿ.ವರೆಗೆ 3,416, ಮೇಲೆ ತೆರಿಗೆ. ಕಾರಿನ ಬೆಲೆಯೇ ಲಕ್ಷದ ಕೆಳಗಿಳಿದಿದ್ದರೆ ಸ್ವಂತ ಹಾನಿಯ ವಿಮೆ ಬೇಕೇ ಎಂದು ಯೋಚಿಸಬಹುದು. ಅದು ಇದ್ದರೂ ಬಂಪರ್ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ, ಐದು ವರ್ಷ ಕ್ಲೇಮ್ ಇಲ್ಲದೆ ಗಳಿಸಿದ ಶೇ 50ರ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಒಂದೇ ಸಲಕ್ಕೆ ಹೋಗುತ್ತದೆ.

ಹದಿನೈದು ವರ್ಷ ತುಂಬಿದ ಕಾರಿನ ಆರ್‌ಸಿ (ನೋಂದಣಿ ಪತ್ರ) ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ 5,000 ರೂಪಾಯಿ, ಮೊದಲು 600 ಇತ್ತು. ಇಪ್ಪತ್ತು ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದ್ದಾರೆ. ಒಮ್ಮೆ ಮಾಡಿಸಿದರೆ ಐದು ವರ್ಷ. ನನ್ನ ಸ್ವಿಫ್ಟ್‌ನ ಸರದಿ 2027ಕ್ಕೆ. ಫಿಟ್‌ನೆಸ್ ಪರೀಕ್ಷೆಗೆ ಮೊದಲು ಹೆಡ್‌ಲೈಟ್, ಹ್ಯಾಂಡ್‌ಬ್ರೇಕ್, ಸೈಲೆನ್ಸರ್ ಸರಿಮಾಡಿಸುವ ಖರ್ಚೂ ಸೇರಿ ಒಂದು ಡಬ್ಬ ಇಟ್ಟಿದ್ದೇನೆ, ತಿಂಗಳಿಗೆ 400ರಂತೆ ಬೀಳುತ್ತಿದೆ. ಡಬ್ಬಕ್ಕೆ ಬಿದ್ದ ಮೊದಲ ಕಂತು ಹಿರಿಯೂರಿನವರು ಕೊಟ್ಟ ಆ 1,400.